ಶತ್ರು ಸತ್ತ ದಿನ ಪೇಡೆ ಹಂಚುವ ಕ್ರೈಸ್ತರಿಗೆ

ನಮ್ಮ ಸಭೆಗಳಲ್ಲಿ ಒಂದು ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ: ‘ದೇವರು ನೋಡಿಕೊಂಡ’. ನಮಗೆ ಕಿರುಕುಳ ಕೊಟ್ಟವನೊಬ್ಬ ಸತ್ತ ಸುದ್ದಿ ಬಂದಾಗ ಈ ಮಾತು ಹೊರಬೀಳುತ್ತದೆ. ಯಾರೂ ಕೂಗಿ ಹೇಳುವುದಿಲ್ಲ. ಸ್ವಲ್ಪ ದನಿ ತಗ್ಗಿಸಿ, ಕಣ್ಣು ಮೇಲೆತ್ತಿ, ಭಕ್ತಿಯ ಧಾಟಿಯಲ್ಲೇ ಹೇಳುತ್ತಾರೆ. ಹಾಗೆ ಹೇಳುವವರು ಕೆಟ್ಟವರಲ್ಲ. ಅವರಲ್ಲಿ ಅನೇಕರು ನಿಜವಾಗಿ ಪೆಟ್ಟು ತಿಂದವರು. ಆದರೂ ಅದು ಕ್ರೈಸ್ತ ಮಾತಲ್ಲ ಎಂಬುದು ನನ್ನ ವಾದ. ಅದರ ಎದುರು ನಿಲ್ಲಿಸಿಕೊಂಡು ಹೆಮ್ಮೆಪಡುವ ನಮ್ಮ ಇನ್ನೊಂದು ಮಾತಿದೆಯಲ್ಲ, ‘ನಾವು ಕ್ಷಮಿಸಿಬಿಟ್ಟಿದ್ದೇವೆ’ ಎನ್ನುವುದು, ಅದು ಬಹಳ ಸಲ ಮೊದಲಿನದಕ್ಕಿಂತ ಹೆಚ್ಚು ಸುಳ್ಳು ಎಂಬುದೂ ನನ್ನ ವಾದದ ಭಾಗ.

2012ರ ನವೆಂಬರ್ 21, ಬುಧವಾರ. ಬೆಳಿಗ್ಗೆ 7.30ಕ್ಕೆ ಇಲ್ಲಿನ ಯೆರವಡಾ ಕಾರಾಗೃಹದಲ್ಲಿ ಅಜ್ಮಲ್ ಕಸಬ್‌ನನ್ನು ಗಲ್ಲಿಗೇರಿಸಿದರು. ನಾನಿರುವ ಬಿಬವೇವಾಡಿ ಪುಣೆಯ ದಕ್ಷಿಣದಲ್ಲಿ, ಗುಡ್ಡದ ಮಗ್ಗುಲಲ್ಲಿದೆ. ಯೆರವಡಾ ಊರಿನ ಇನ್ನೊಂದು ಬದಿಗೆ, ಮುಳಾ-ಮುಠಾ ಹೊಳೆಯಾಚೆ. ನಮ್ಮೂರಲ್ಲೇ ನಡೆದ ಈ ಸಂಗತಿ ನಮಗೆ ಗೊತ್ತಾದದ್ದು ಟಿವಿಯಿಂದ, ಎಲ್ಲ ಮುಗಿದ ಮೇಲೆ. ದೇಶದ ಹಲವು ಊರುಗಳಲ್ಲಿ ಪಟಾಕಿ ಸಿಡಿಯಿತು, ಸಿಹಿ ಹಂಚಿದರು. ಸಂಜೆಯ ಹೊತ್ತಿಗೆ ಇಲ್ಲಿಯ ಒಂದು ಕನ್ನಡ ಮನೆ ಪ್ರಾರ್ಥನಾ ಕೂಟಕ್ಕೂ ಪೇಡೆಯ ಡಬ್ಬಿ ಬಂತು. ಸ್ತೋತ್ರ ಹೇಳಿ ಹಂಚಿದರು.

ಆ ಸಿಟ್ಟು ಸುಳ್ಳಿನದಲ್ಲ. 2008ರ ನವೆಂಬರ್ 26ರಿಂದ ಮೂರು ದಿನ ಮುಂಬೈಯಲ್ಲಿ 166 ಜನ ಸತ್ತಿದ್ದರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನೊಳಗೆ ಸತ್ತರು. ಪುಣೆಗೆ ಇದು ಪಕ್ಕದೂರಿನ ಸುದ್ದಿಯಾಗಿಯೂ ಉಳಿಯಲಿಲ್ಲ. 2010ರ ಫೆಬ್ರವರಿ 13ರಂದು ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬ್ ಸಿಡಿದು 17 ಜನ ಹೋದರು. ಕಸಬ್‌ಗೆ ವಿಚಾರಣೆ ನಡೆಯಿತು, ವಕೀಲರನ್ನು ಕೊಟ್ಟರು, ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅದು ಸಾಧ್ಯವಾದದ್ದು ಅವನನ್ನು ಜೀವಂತವಾಗಿ ಹಿಡಿದದ್ದರಿಂದ. ಅವನ ಬಂದೂಕಿನ ನಳಿಗೆಯನ್ನು ಕೈಯಲ್ಲಿ ಹಿಡಿದು, ಗುಂಡುಗಳನ್ನು ತನ್ನ ಮೈಯಲ್ಲಿ ತಡೆದು ಸತ್ತ ತುಕಾರಾಮ್ ಓಂಬಳೆ ಎಂಬ ಪೊಲೀಸಿನವರನ್ನು ನೆನೆದು ಆ ಸಂಜೆ ಒಂದು ನಿಮಿಷ ಮೌನ ನಿಂತಿದ್ದರೆ ಅದಕ್ಕೊಂದು ಅರ್ಥವಿತ್ತು. ಪೇಡೆಗೆ ಏನು ಅರ್ಥ? 25 ವರ್ಷದ ಒಬ್ಬನ ಕೊರಳು ಮುರಿದದ್ದಕ್ಕೆ ಸ್ತೋತ್ರವೇ?

ಹೀಗೆ ಕೇಳಿದರೆ ವಚನಗಳು ಬರುತ್ತವೆ. ನಮ್ಮವರಿಗೆ ಸತ್ಯವೇದ ಚೆನ್ನಾಗಿ ಗೊತ್ತು, ಅದೇ ತೊಂದರೆ. ಕೆಂಪು ಸಮುದ್ರದಲ್ಲಿ ಫರೋಹನ ಸೈನ್ಯ ಮುಳುಗಿದಾಗ ಮಿರ್ಯಾಮಳು ದಮ್ಮಡಿ ಹಿಡಿದು ಕುಣಿಯಲಿಲ್ಲವೇ? ಕೀರ್ತನೆಗಳಲ್ಲಿ ಶತ್ರುವಿನ ಮೇಲೆ ಶಾಪವಿಲ್ಲವೇ? ಹೆರೋದನು ಹುಳಬಿದ್ದು ಸತ್ತನೆಂದು ಅಪೊಸ್ತಲರ ಕೃತ್ಯಗಳಲ್ಲೇ ಬರೆದಿಲ್ಲವೇ?

ಬರೆದಿದೆ. ಆ ಅಧ್ಯಾಯವನ್ನೇ ಮೊದಲಿನಿಂದ ಓದೋಣ. ಹನ್ನೆರಡನೆಯ ಅಧ್ಯಾಯ ಶುರುವಾಗುವುದು ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಸಂಗತಿಯಿಂದ. ಪೇತ್ರ ಸೆರೆಯಿಂದ ಪಾರಾದ, ಯಾಕೋಬ ಪಾರಾಗಲಿಲ್ಲ. ಸಾವನ್ನು ತೀರ್ಪು ಎಂದು ಓದುವವರು ಯಾಕೋಬನ ಸಾವನ್ನೂ ಹಾಗೆಯೇ ಓದಬೇಕು. ಓದಲು ಸಿದ್ಧರಿದ್ದಾರೆಯೇ? ಇನ್ನೊಂದು: ಹೆರೋದ ಸತ್ತ ಸುದ್ದಿ ಕೇಳಿ ಯೆರೂಸಲೇಮಿನ ಸಭೆ ಸಂತೋಷಪಟ್ಟಿತೆಂದು ಲೂಕ ಎಲ್ಲೂ ಬರೆದಿಲ್ಲ. ಸಭೆ ಒಟ್ಟಾಗಿ ಪ್ರಾರ್ಥಿಸಿದ್ದು ಪೇತ್ರ ಬದುಕಲಿ ಎಂದು. ಅದೇ ಲೂಕ ತನ್ನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ತರುತ್ತಾನೆ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಲೆಕ್ಕವನ್ನು ಯೇಸು ಅಲ್ಲಿ ನೇರವಾಗಿ ತಳ್ಳಿಹಾಕುತ್ತಾನೆ. ಅಪಘಾತ, ಹೃದಯಾಘಾತ, ಕ್ಯಾನ್ಸರ್, ಕೊರೋನಾ ಇವನ್ನೆಲ್ಲ ದೇವರ ಪೊಲೀಸರೆಂದು ತಿಳಿದವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಮಿರ್ಯಾಮಳ ಕುಣಿತದ ಬಗ್ಗೆ ಯೆಹೂದ್ಯ ಗುರುಗಳಿಗೇ ಇರಿಸುಮುರುಸಿತ್ತು. ಐಗುಪ್ತರು ಮುಳುಗುತ್ತಿರುವಾಗ ದೇವದೂತರು ಹಾಡಲು ಹೊರಟರೆಂದೂ, ನನ್ನ ಸೃಷ್ಟಿ ಸಾಯುತ್ತಿರುವಾಗ ಇದೆಂಥ ಹಾಡು ಎಂದು ದೇವರು ತಡೆದನೆಂದೂ ತಾಲ್ಮುದಿನಲ್ಲಿ ಕಥೆಯಿದೆ. ಇನ್ನು ಶಾಪದ ಕೀರ್ತನೆಗಳು. ಅವು ಇರಲಿ, ಅವನ್ನು ಯಾರೂ ಕಿತ್ತುಹಾಕಬಾರದು. ಅವು ಊರು ಸುಟ್ಟವರ, ಮಕ್ಕಳನ್ನು ಕಳೆದುಕೊಂಡವರ ಮೊರೆ. ದೇವರ ಕಿವಿಗೆ ಹೇಳಿದ್ದು. ಅದನ್ನು ಎತ್ತಿ, ಶತ್ರುವಿನ ಫೋಟೋದ ಕೆಳಗೆ ಅಂಟಿಸಿ ನೂರು ಗುಂಪುಗಳಿಗೆ ಕಳಿಸಿದ ಮೇಲೆ ಅದು ಪ್ರಾರ್ಥನೆಯಾಗಿ ಉಳಿಯುವುದಿಲ್ಲ, ಪಟಾಕಿಯಾಗುತ್ತದೆ.

ಆದರೆ ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಸಮುವೇಲನ ಹದಿನೆಂಟು, ಹತ್ತೊಂಬತ್ತನೆಯ ಅಧ್ಯಾಯಗಳು. ದಾವೀದನ ಮಗ ಅಬ್ಷಾಲೋಮ ಅಪ್ಪನ ವಿರುದ್ಧ ದಂಗೆಯೆದ್ದು, ರಾಜಧಾನಿಯಿಂದ ಅಪ್ಪನನ್ನೇ ಓಡಿಸಿ, ಕೊನೆಗೆ ಮರದ ಕೊಂಬೆಗೆ ತಲೆ ಸಿಕ್ಕಿ ನೇತಾಡುತ್ತಿರುವಾಗ ಸೇನಾಪತಿ ಯೋವಾಬ ಅವನನ್ನು ತಿವಿದು ಕೊಲ್ಲುತ್ತಾನೆ. ದಾವೀದ ಗೆದ್ದಿದ್ದಾನೆ. ಆದರೆ ಮೇಲುಪ್ಪರಿಗೆಗೆ ಹೋಗಿ ಮಗನ ಹೆಸರು ಹಿಡಿದು ಅಳುತ್ತಾನೆ. ಗೆದ್ದ ಸೈನಿಕರು ಸೋತು ಓಡಿಬಂದವರ ಹಾಗೆ, ಕಳ್ಳರ ಹಾಗೆ ಊರೊಳಗೆ ನುಸುಳುತ್ತಾರೆ. ಆಗ ಯೋವಾಬ ಒಳಗೆ ಬಂದು ರಾಜನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವನ ಆರೋಪದ ತಿರುಳು ಎರಡು: ನಿನ್ನನ್ನು ದ್ವೇಷಿಸಿದವರನ್ನು ನೀನು ಪ್ರೀತಿಸುತ್ತೀಯೆ; ನಿನ್ನನ್ನು ಪ್ರೀತಿಸಿದವರಿಗೆ ಅವಮಾನ ಮಾಡುತ್ತೀಯೆ.

ಯೋವಾಬ ಬೈಗುಳವಾಗಿ ಆಡಿದ ಮೊದಲ ಅರ್ಧ, ಸಾವಿರ ವರ್ಷದ ನಂತರ ಗಲಿಲಾಯದ ಬೆಟ್ಟದ ಮೇಲೆ ಆಜ್ಞೆಯಾಗಿ ಬಂತು. ದ್ವೇಷಿಸುವವರನ್ನು ಪ್ರೀತಿಸುವುದು ಸೇನಾಪತಿಗೆ ಅಪರಾಧ, ಯೇಸುವಿಗೆ ಶಿಷ್ಯತ್ವದ ಗುರುತು. ಇಷ್ಟನ್ನು ಎಲ್ಲ ಉಪದೇಶಕರೂ ಹೇಳುತ್ತಾರೆ. ಅವರು ಬಿಡುವುದು ಯೋವಾಬನ ಎರಡನೆಯ ಅರ್ಧವನ್ನು. ಅವನು ಕೊಲೆಗಡುಕ, ಒರಟ, ಆದರೆ ಆ ಅರ್ಧದಲ್ಲಿ ಅವನು ಹೇಳಿದ್ದು ಸರಿ. ಶತ್ರುವಿಗಾಗಿ ಅಳುವವನು, ಆ ಶತ್ರುವಿನ ಕೈಯಲ್ಲಿ ನೊಂದವರು ತಲೆ ತಗ್ಗಿಸಿ ನುಸುಳುವ ಹಾಗೆ ಮಾಡಬಾರದು. ದಾವೀದ ಅದನ್ನು ಒಪ್ಪಿಕೊಂಡ ಹಾಗಿದೆ: ಎದ್ದು ಬಂದು ಬಾಗಿಲಲ್ಲಿ ಜನರೆದುರು ಕೂತ. ಅಳುವುದನ್ನು ನಿಲ್ಲಿಸಿದನೆಂದು ಅಲ್ಲಿ ಬರೆದಿಲ್ಲ.

ಈ ಎರಡೂ ಅರ್ಧಗಳನ್ನು ಹಿಡಿದುಕೊಂಡು ನಮ್ಮದೇ ಚರಿತ್ರೆಗೆ ಬನ್ನಿ.

1784ರ ಫೆಬ್ರವರಿ, ವಿಭೂತಿ ಬುಧವಾರ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಹಿಡಿಸಿದ. ಎಣಿಕೆಗಳು ಬೇರೆಬೇರೆ ಇವೆ. ಯಾವ ಎಣಿಕೆ ಹಿಡಿದರೂ ಹತ್ತಾರು ಸಾವಿರ. ಆಸ್ತಿ ಹೋಯಿತು, ಮಂಗಳೂರಿನ ಮಿಲಾಗ್ರಿಸ್ ಸೇರಿ ಇಗರ್ಜಿಗಳು ನೆಲಸಮವಾದವು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿ ಸತ್ತವರು ಸತ್ತರು. ಉಳಿದವರಲ್ಲಿ ಅನೇಕರನ್ನು ಬಲವಂತದಿಂದ ಇಸ್ಲಾಮಿಗೆ ಸೇರಿಸಿದರು, ಗಂಡಸರನ್ನು ಪಡೆಗೆ ಹಾಕಿದರು. ಹದಿನೈದು ವರ್ಷ. ಸೆರೆ ಮುಗಿದದ್ದು 1799ರ ಮೇ 4ರಂದು, ಟಿಪ್ಪು ಸತ್ತ ದಿನ. ಆ ದಿನ ಸೆರೆಯಲ್ಲಿದ್ದ ಒಬ್ಬ ತಾಯಿ ಉಸಿರುಬಿಟ್ಟಿದ್ದರೆ ಅದನ್ನು ಪಾಪವೆನ್ನುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ನಿರಾಳ ಬೇರೆ, ಹಿಗ್ಗು ಬೇರೆ. ನಿರಾಳ ಎಂದರೆ ಕುತ್ತಿಗೆಯ ಮೇಲಿನ ಕಾಲು ಎದ್ದಿತು ಎಂಬುದು. ಹಿಗ್ಗಿಗೆ ಬೇಕಾದದ್ದು ಆ ಕಾಲಿನವನ ಹೆಣ.

ಆ ಸಾವಿಗೆ ಕ್ರೈಸ್ತರೆನಿಸಿಕೊಂಡವರು ಮೂರು ಬಗೆಯಲ್ಲಿ ಸ್ಪಂದಿಸಿದ್ದು ದಾಖಲೆಯಲ್ಲಿದೆ. ಇಂಗ್ಲಿಷ್ ಪಡೆ ಮರುದಿನ ಟಿಪ್ಪುವಿನ ಶವವನ್ನು ಹೈದರನ ಪಕ್ಕದಲ್ಲಿ, ಗುಂಬಜ್‌ನಲ್ಲಿ, ಸೈನಿಕ ಗೌರವದೊಂದಿಗೆ ಮಣ್ಣು ಮಾಡಲು ವ್ಯವಸ್ಥೆ ಮಾಡಿತು. ಅದಕ್ಕೂ ಹಿಂದಿನ ರಾತ್ರಿ ಅದೇ ಪಡೆ ಊರನ್ನು ದೋಚಿತ್ತು. ಆರ್ಥರ್ ವೆಲ್ಲೆಸ್ಲಿ ಕೆಲವು ಸೈನಿಕರನ್ನು ಗಲ್ಲಿಗೆ ಹಾಕಿದ ಮೇಲೆಯೇ ಲೂಟಿ ನಿಂತದ್ದು. ಹೆಣಕ್ಕೆ ಗೌರವ, ಬದುಕಿದ್ದವರ ಮನೆಗೆ ಕನ್ನ. ಎರಡನೆಯದು ಕಲ್ಕತ್ತೆಯದು. 1800ರ ಫೆಬ್ರವರಿ 6ರಂದು ಗೆಲುವುಗಳಿಗಾಗಿ ಕೃತಜ್ಞತೆಯ ದಿನ ಆಚರಿಸಿದರು, ಕ್ಲಾಡಿಯಸ್ ಬುಕಾನನ್ ಎಂಬ ಪಾದ್ರಿ ಗವರ್ನರ್ ಜನರಲ್‌ನ ಎದುರು ಪ್ರಸಂಗ ಮಾಡಿದ. ಕಂಪನಿಯ ಲಾಭವೂ ದೇವರ ಚಿತ್ತವೂ ಒಂದೇ ಪೀಠದ ಮೇಲೆ ಕೂತವು. ಪೇಡೆಯ ಡಬ್ಬಿಗೆ ಬಹಳ ಹಳೆಯ ವಂಶಾವಳಿಯಿದೆ.

ಮೂರನೆಯವನು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಬಲವಂತಕ್ಕೆ ಮತ ಬಿಟ್ಟಿದ್ದವರನ್ನು ಹುಡುಕಿ ಸಭೆಗೆ ಮರಳಿ ಸೇರಿಸುವ ಕೆಲಸಕ್ಕೆ ಕೂತ. ಕೆಲವೇ ವರ್ಷಗಳಲ್ಲಿ ಸೀಮೆಯ ಜನರಿಗೆ ಸಿಡುಬಿನ ಲಸಿಕೆ ಹಾಕಿಸುವುದಕ್ಕೂ ಕೈಹಾಕಿದ. ಈ ದೇಶದ ಆಚಾರಗಳ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ್ದು ಬೇಕಾದಷ್ಟಿದೆ. ಆದರೆ ಶತ್ರುವಿನ ಸಾವಿನ ನಂತರ ಕ್ರೈಸ್ತನಿಗೆ ಏನು ಕೆಲಸ ಎಂದರೆ ನಾನು ತೋರಿಸುವುದು ಇವನನ್ನೇ. ಸತ್ತವನನ್ನು ಬಿಟ್ಟು, ಅವನು ಮುರಿದದ್ದನ್ನು ರಿಪೇರಿ ಮಾಡಲು ಕೂತವನು ಇವನೊಬ್ಬ.

ಈಗ ಟಿಪ್ಪು ಮತ್ತೆ ಸಾಯುತ್ತಿದ್ದಾನೆ, ವರ್ಷಕ್ಕೊಮ್ಮೆ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಮುಂದಿನ ಸರ್ಕಾರ ನಿಲ್ಲಿಸಿತು. ಆ ಗಲಾಟೆಯಲ್ಲಿ ಕೆಲವರಿಗೆ ಏಕಾಏಕಿ ಕೆನರಾದ ಕ್ರೈಸ್ತರ ನೆನಪಾಯಿತು. 1784ರ ನಮ್ಮ ನೋವಿಗೆ ಇಷ್ಟೊಂದು ಕಣ್ಣೀರು ಹಾಕಿದವರಲ್ಲಿ ಎಷ್ಟು ಜನ 2008ರಲ್ಲಿ ನಮ್ಮ ಪ್ರಾರ್ಥನಾಲಯಗಳ ಗಾಜು ಒಡೆದಾಗ ಅತ್ತಿದ್ದರು? ನಮ್ಮ ಪೂರ್ವಿಕರ ಸೆರೆವಾಸವನ್ನು ನಾವೇ ನೆನೆಯಬೇಕು, ಪೂರ್ತಿಯಾಗಿ, ಯಾರ ಮುಲಾಜೂ ಇಲ್ಲದೆ. ಜಯಂತಿಯನ್ನು ವಿರೋಧಿಸುವ ಹಕ್ಕೂ ನಮಗಿದೆ. ಆದರೆ ಇನ್ನೊಬ್ಬ ನೆರೆಯವನ ಮನೆಗೆ ಎಸೆಯಲು ನಮ್ಮ ಅಜ್ಜಿಯ ಅಸ್ಥಿಯನ್ನು ಎರವಲು ಕೊಡುವುದು ನೆನಪಲ್ಲ.

2008 ಎಂದೆ. ಆ ವರ್ಷದ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಮಿಲಾಗ್ರಿಸ್ ಬಳಿಯ ಅಡೋರೇಷನ್ ಮಠಕ್ಕೆ, ಕರಾವಳಿ ಮತ್ತು ಮಲೆನಾಡಿನ ಹಲವು ಪ್ರಾರ್ಥನಾಲಯಗಳಿಗೆ ನುಗ್ಗಿ ಹೊಡೆದರು. ಆಗ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದ ಮಹೇಂದ್ರ ಕುಮಾರ್ ದಾಳಿಗಳನ್ನು ಮಾಧ್ಯಮದೆದುರು ಸಮರ್ಥಿಸಿಕೊಂಡರು, ಬಂಧನಕ್ಕೂ ಒಳಗಾದರು. ಕರ್ನಾಟಕದ ಕ್ರೈಸ್ತರಿಗೆ ಆ ಹೊತ್ತು ‘ಶತ್ರು’ ಎಂಬ ಪದಕ್ಕೆ ಒಂದು ಮುಖವಿತ್ತೆಂದರೆ ಅದು ಅವರದೇ. ಆಮೇಲೆ ಏನಾಯಿತೆಂದು ನಿಮಗೆ ಗೊತ್ತು. ಅವರು ಸಂಘಟನೆ ಬಿಟ್ಟರು, ಜೆಡಿಎಸ್ ಸೇರಿದರು, ವರ್ಷಗಳು ಕಳೆದಂತೆ ತಾವೇ ಮುನ್ನಡೆಸಿದ್ದ ದ್ವೇಷದ ರಾಜಕಾರಣದ ವಿರುದ್ಧ ಊರೂರಿನ ವೇದಿಕೆಗಳಲ್ಲಿ ಮಾತಾಡಿದರು. ಹುಡುಗರನ್ನು ಹೇಗೆ ಬಳಸಿಕೊಳ್ಳುತ್ತಾರೆಂಬುದನ್ನು ಒಳಗಿದ್ದು ಕಂಡವರಾಗಿ ಹೇಳಿದರು. 2020ರ ಏಪ್ರಿಲ್ 25ರಂದು, ಲಾಕ್‌ಡೌನ್ ನಡುವೆ, ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಈಗ ಒಂದು ಲೆಕ್ಕ ಹಾಕಿ. ಅದೇ ಹೃದಯಾಘಾತ 2009ರಲ್ಲಿ ಆಗಿದ್ದರೆ? ‘ದೇವರು ನೋಡಿಕೊಂಡ’ ಎಂಬ ಮಾತು ಬೀದರಿನಿಂದ ಮಂಗಳೂರಿನವರೆಗೆ, ಅಲ್ಲಿಂದ ಪುಣೆ, ಮುಂಬೈಗಳ ಕನ್ನಡ ಸಭೆಗಳವರೆಗೆ ಓಡಾಡುತ್ತಿತ್ತು. ಅದು ಸುಳ್ಳಾಗುತ್ತಿತ್ತು, ಸುಳ್ಳೆಂದು ನಮಗೆ ಎಂದೂ ಗೊತ್ತಾಗುತ್ತಿರಲಿಲ್ಲ. ದೇವರು ‘ನೋಡಿಕೊಂಡದ್ದು’ ಇನ್ನೂ ಹನ್ನೊಂದು ವರ್ಷ ಬದುಕಲು ಬಿಟ್ಟು. ದುಷ್ಟನ ಸಾವಿನಲ್ಲಿ ತನಗೆ ಸಂತೋಷವಿಲ್ಲ, ಅವನು ತಿರುಗಿ ಬದುಕುವುದೇ ತನಗೆ ಬೇಕು ಎಂದು ಯೆಹೆಜ್ಕೇಲನ ಮೂಲಕ ದೇವರು ಹೇಳುವ ಮಾತಿನ ಅರ್ಥ ಇಷ್ಟು ಪ್ರಾಯೋಗಿಕವಾದದ್ದು. ಶತ್ರುವಿನ ಸಾವು ಯಾಕೆ ದುಃಖದ ಸಂಗತಿಯೆಂದರೆ, ಅದರೊಂದಿಗೆ ಅವನ ತಿರುಗುವ ದಾರಿಯೂ ಮುಚ್ಚುತ್ತದೆ. ಒಳ್ಳೆಯವನು ಸತ್ತರೆ ನಾವು ಅಗಲಿಕೆಗೆ ಅಳುತ್ತೇವೆ. ಕೆಟ್ಟವನು ಸತ್ತರೆ ಅಳಬೇಕಾದದ್ದು ಅರ್ಧಕ್ಕೇ ನಿಂತ ಕಥೆಗೆ. ನಿನೆವೆ ಸುಡುವುದನ್ನು ನೋಡಲು ಊರ ಹೊರಗೆ ಚಪ್ಪರ ಹಾಕಿಕೊಂಡು ಕೂತ ಯೋನನಿಗೆ, ನಿನೆವೆ ಉಳಿದದ್ದೇ ಸಿಟ್ಟು. ನಮ್ಮಲ್ಲಿ ಆ ಚಪ್ಪರದ ಕೆಳಗೆ ಬಹಳ ಜನ ಕೂತಿದ್ದಾರೆ.

ಇಲ್ಲಿಗೆ ತಲೆಯಾಡಿಸುತ್ತಿರುವ ಉದಾರವಾದಿ ಕ್ರೈಸ್ತರಿಗೂ ಒಂದು ಮಾತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು, 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿಯನ್ನು, ಜೀಪಿನೊಳಗೇ ಸುಟ್ಟರು. ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದೆನೆಂದರು. ಅಂದಿನಿಂದ ಇಂದಿನವರೆಗೆ ಆ ಕ್ಷಮೆಯನ್ನು ನಾವು ನಮ್ಮ ಜೇಬಿನ ಹಣದಂತೆ ಖರ್ಚು ಮಾಡುತ್ತಿದ್ದೇವೆ. ವೇದಿಕೆ ಸಿಕ್ಕಲ್ಲೆಲ್ಲ ‘ನಾವು ಕ್ರೈಸ್ತರು ಕ್ಷಮಿಸಿದವರು’. ಸ್ವಾಮಿ, ಕ್ಷಮಿಸಿದ್ದು ಗ್ಲಾಡಿಸ್. ನಾವಲ್ಲ. ಸತ್ತದ್ದು ನಮ್ಮ ಗಂಡನಲ್ಲ, ನಮ್ಮ ಮಕ್ಕಳಲ್ಲ. ಆಕೆಯ ಕ್ಷಮೆ ನ್ಯಾಯಾಲಯದ ಕೆಲಸವನ್ನು ನಿಲ್ಲಿಸಲೂ ಇಲ್ಲ. ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಠದಲ್ಲಿ ಪೆಟ್ಟು ತಿಂದ ಸನ್ಯಾಸಿನಿಯ ಪರವಾಗಿ ಬಿಬವೇವಾಡಿಯ ಫ್ಲಾಟಿನಲ್ಲಿ ಕೂತು ನಾನು ಕ್ಷಮಿಸಿದರೆ ಅದು ಕ್ಷಮೆಯಲ್ಲ, ಕಳ್ಳತನ. ಇನ್ನೂ ಕ್ಷಮಿಸಲಾಗದೆ ಒದ್ದಾಡುತ್ತಿರುವವರಿಗೆ ಅದು ‘ನೀನೆಂಥ ಕ್ರೈಸ್ತಳು’ ಎಂಬ ಚುಚ್ಚು. ಯೋವಾಬ ಹೇಳಿದ ಅವಮಾನ ಇದೇ.

ಆದ್ದರಿಂದ ಸತ್ತವನ ಕೃತ್ಯಗಳನ್ನು ಮುಚ್ಚಿ ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದೆಂಬುದು ಸಭ್ಯತೆ ಇರಬಹುದು, ಸುವಾರ್ತೆಯಲ್ಲ. ಏನು ಮಾಡಿದನೋ ಅದನ್ನು ದಿನಾಂಕ ಸಮೇತ ಹೇಳಿ. ಸಾಕ್ಷಿ ಹೇಳುವುದಿದ್ದರೆ ಹೇಳಿ. ಕೇಸು ಬಾಕಿಯಿದ್ದರೆ ನಡೆಸಿ.

ಹಿಗ್ಗು ಎಷ್ಟು ಹೊಲಸು ಎಂಬುದನ್ನು ತಿಳಿಯಲು ನಾವು ದೇವತಾಶಾಸ್ತ್ರ ಓದಬೇಕಾಗಿಯೂ ಇಲ್ಲ. 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಚಿಕ್ಕಮಗಳೂರು, ಮಂಗಳೂರುಗಳಲ್ಲಿ ಪಟಾಕಿ ಹೊಡೆದರು. ಇಡೀ ಕನ್ನಡನಾಡು ಥೂ ಎಂದಿತು, ಅವರನ್ನು ಒಪ್ಪದವರೂ. ಇಲ್ಲೇ ಪುಣೆಯಲ್ಲಿ ದಾಖಲಾದ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾಗಿ, 84ನೆಯ ವಯಸ್ಸಿನಲ್ಲಿ, ಜಾಮೀನು ಸಿಗದೆ, 2021ರ ಜುಲೈ 5ರಂದು ಫಾದರ್ ಸ್ಟ್ಯಾನ್ ಸ್ವಾಮಿ ಮುಂಬೈಯಲ್ಲಿ ಸತ್ತರು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಆ ದಿನವೂ ನಕ್ಕವರಿದ್ದರು. ಅವರ ಲೆಕ್ಕದಲ್ಲಿ ಸತ್ತವನು ದೇಶದ ಶತ್ರು, ದೇವರು ನೋಡಿಕೊಂಡ. ಮಾತು ಅದೇ, ಕಾಗುಣಿತವೂ ಅದೇ.

‘ಹಾಗಾದರೆ ಏನು ಮಾಡಬೇಕು ಹೇಳಿ’ ಎಂದು ಕೇಳುವ ಹಿರಿಯರೊಬ್ಬರು ಎಲ್ಲ ಕೂಟದಲ್ಲೂ ಇರುತ್ತಾರೆ. 2011ರಲ್ಲಿ ಬಿನ್ ಲಾದೆನ್ ಸತ್ತ ದಿನ ವ್ಯಾಟಿಕನ್‌ನ ವಕ್ತಾರ ಫೆದೆರಿಕೊ ಲೊಂಬಾರ್ದಿ ಹೇಳಿದ್ದು ಸಾಕಷ್ಟು ಒಳ್ಳೆಯ ಆರಂಭ: ಮನುಷ್ಯನೊಬ್ಬನ ಸಾವಿನೆದುರು ಕ್ರೈಸ್ತ ಎಂದೂ ಸಂತೋಷಪಡುವುದಿಲ್ಲ. ಅವನು ಮಾಡಿದ ಕೇಡನ್ನು ಅದೇ ಹೇಳಿಕೆಯಲ್ಲಿ ಹೆಸರಿಟ್ಟು ಹೇಳಿದ್ದರು ಎಂಬುದನ್ನೂ ಮರೆಯಬೇಡಿ. ಅದರ ಮೇಲೆ ನಮ್ಮ ಸಣ್ಣ ಕೆಲಸಗಳು. ಸುದ್ದಿ ಬಂದ ಭಾನುವಾರದ ವಿಜ್ಞಾಪನೆಗಳಲ್ಲಿ ಮೊದಲು ಅವನಿಂದ ನೊಂದವರ ಹೆಸರು ಹೇಳಿ, ಅವರನ್ನು ಕೇಳಿಯೇ. ಆಮೇಲೆ ಅವನ ಹೆಸರು. ‘ಆ ವ್ಯಕ್ತಿ’ ಅಲ್ಲ, ಹೆಸರು. ಹೆಸರು ಹಿಡಿದು ದೇವರೆದುರು ನಿಲ್ಲಿಸಿದವನನ್ನು ಮರುಕ್ಷಣ ಮೀಮ್ ಮಾಡುವುದು ಕಷ್ಟ. ಅವನ ಹೆಂಡತಿ ಮಕ್ಕಳು ನಿಮ್ಮೂರಲ್ಲೇ ಇದ್ದರೆ, ಮೂರನೆಯ ದಿನವೋ ಹತ್ತನೆಯ ದಿನವೋ ಯಾರಾದರೊಬ್ಬರು ಹೋಗಿ ಬನ್ನಿ. ಕ್ಯಾಮೆರಾ ಬೇಡ, ಸುವಾರ್ತೆಯ ಕರಪತ್ರವೂ ಬೇಡ. ಬಾಗಿಲು ಹಾಕಿದರೆ ತಿರುಗಿ ಬನ್ನಿ.

ಕಸಬ್‌ನ ಶವವನ್ನು ಅವನ ದೇಶ ಕೇಳಲಿಲ್ಲ. ಅವನ ಜೊತೆ ಬಂದು ಸತ್ತ ಒಂಬತ್ತು ಜನರಿಗೆ ತಮ್ಮ ಖಬರಸ್ತಾನದಲ್ಲಿ ಜಾಗವಿಲ್ಲವೆಂದು ಮುಂಬೈಯ ಮುಸ್ಲಿಮರು ಹೇಳಿದ್ದರು. ಕೊಂದವರ ಪರ ತಾವಿಲ್ಲ ಎನ್ನಲು ಅವರಿಗೆ ಅದೊಂದು ದಾರಿಯಾಗಿತ್ತು, ಅದನ್ನು ನಾನು ದೂರುವುದಿಲ್ಲ. ಕಸಬ್‌ನನ್ನು ಯೆರವಡಾ ಜೈಲಿನ ಆವರಣದಲ್ಲೇ ಹೂಳಿದರು. ನಮ್ಮ ಅನೇಕ ಸಭೆಗಳಿಂದ ಸೆರೆಮನೆ ಸೇವೆಗೆಂದು ಜನ ಜೈಲುಗಳಿಗೆ ಹೋಗುತ್ತಾರೆ, ಹಾಡುತ್ತಾರೆ, ಸಾಬೂನು ಹಂಚುತ್ತಾರೆ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವನ್ನು ಅಲ್ಲಿ ಓದುವಾಗ, ಸೆರೆಯಲ್ಲಿದ್ದವನು ಯಾವ ಅಪರಾಧಕ್ಕೆ ಒಳಗೆ ಬಂದವನೆಂದು ಯೇಸು ಅಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಿ.